ಇಲ್ಲದ ಯಂತ್ರವನ್ನು ಕಟ್ಟಿದ ಮೇಡಂ

“ಇಲ್ಲದ ಯಂತ್ರಕ್ಕೆ ನಾನು ಸಹಿ ಹಾಕಲ್ಲ ಮೇಡಂ. ಹಾಕಲ್ಲ ಅಂದ್ರೆ ಹಾಕಲ್ಲ. ಬೇಕಿದ್ರೆ ನೀವೇ ಹಾಕ್ಕೊಳ್ಳಿ!”

“ಕೂಗಬೇಡಿ. ಇದು ಆಸ್ಪತ್ರೆ.”

“ಆಸ್ಪತ್ರೆ ಅಂತಲೇ ಕೂಗ್ತಿದೀನಿ. ಅಂಗಡಿ ಆಗಿದ್ರೆ ಸುಮ್ನಿರ್ತಿದ್ದೆ. ಐದನೇ ಟೇಪು ಯಂತ್ರದೊಳಗೆ ಹೋಯ್ತು ಅಂತ ಪುಸ್ತಕದಲ್ಲಿ ಬರೀಬೇಕಂತೆ! ಎಲ್ಲಿದೆ ಟೇಪು? ಎಲ್ಲಿದೆ ಯಂತ್ರ? ಇಲ್ಲದ ಎಮ್ಮೆಗೆ ಹಗ್ಗ ಹೊಸೆಯೋ ಕೆಲಸ ನಂಗೆ ಬೇಡ.”

“ಎಮ್ಮೆ ಇದೆ. ನಿಮಗೆ ಕಾಣಿಸ್ತಿಲ್ಲ ಅಷ್ಟೆ.”

“ಕಾಣದ ಎಮ್ಮೆ ಹಾಲು ಕೊಡುತ್ತಾ?”

“ನನಗೂ ಅದೇ ಅನುಮಾನ. ಕೂತ್ಕೊಳ್ಳಿ, ಕರೆದು ನೋಡೋಣ.”

ಹನ್ನೊಂದು ವರ್ಷಗಳ ಹಿಂದೆ ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಡೆದ ಜಗಳವಿದು. ಕೂಗಿದವನು ನಾನು, ಟೇಪು ಕೋಣೆಯ ಉಸ್ತುವಾರಿಯವನು. ಕೂಗಿಸಿಕೊಂಡವರು, ಈ ಗ್ರಂಥ ಯಾರ ಗೌರವಕ್ಕಾಗಿ ಹೊರಬರುತ್ತಿದೆಯೋ ಆ ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ರೋಗಿಗಳ ದಾಖಲೆಗಳನ್ನು ಕಾಪಾಡುವ ವಿದ್ಯೆಯಲ್ಲಿ ಅವರ ಸಮಕ್ಕೆ ನಿಲ್ಲುವವರನ್ನು ನಾನು ಕಂಡಿಲ್ಲ. ಹೊಗಳುವುದಕ್ಕಾಗಿ ಹೇಳುತ್ತಿಲ್ಲ, ಅವರನ್ನು ಹೊಗಳುವ ಅಭ್ಯಾಸ ನನಗಿಲ್ಲ. ಬೇರೆ ನಾಲ್ಕಾರು ಆಸ್ಪತ್ರೆಗಳವರು ಬಂದು ಅವರ ಕೆಲಸವನ್ನು ನೋಡಿ, ಬರೆದುಕೊಂಡು ಹೋಗಿದ್ದಾರೆ. ತಾವು ಬರೆದ ತಂತ್ರಾಂಶವನ್ನು ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿಕೊಳ್ಳಿ ಎಂದು ಅವರು ಹೊರಗೆ ಬಿಟ್ಟದ್ದರಿಂದ, ಅದು ಇಂದು ಯಾವ ಯಾವ ನೆಲಮಾಳಿಗೆಗಳಲ್ಲಿ ಓಡುತ್ತಿದೆಯೋ ಲೆಕ್ಕವಿಲ್ಲ. ಅವರನ್ನೇ ಕೇಳಿದರೆ, “ಓಡ್ತಿದೆ ಅಂತ ಯಾರು ಹೇಳಿದ್ರು? ನೀವು ನೋಡಿದ್ರಾ?” ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಅವರಿಗೆ ಅಡ್ಡಪ್ರಶ್ನೆ ಮೇಡಂ ಎಂದೇ ಹೆಸರು. ಆ ಹೆಸರಿಟ್ಟವನು ನಾನೇ. ಅದು ಅವರಿಗೆ ಗೊತ್ತು.

ಈ ಗ್ರಂಥದ ಸಂಪಾದಕರು ನನಗೆ, “ಎರಡು ಪುಟ, ಸಿಹಿಯಾಗಿ ಬರೀರಿ” ಎಂದರು. ನಾನು ಓದಿದ್ದು ಎರಡು ಕೋಣೆಯ ಹಳ್ಳಿ ಶಾಲೆಯಲ್ಲಿ. ಅಲ್ಲಿ ನನಗೆ ದುಂಡಾದ ಅಕ್ಷರ ಕಲಿಸಿದರು, ಸಿಹಿ ಬರೆಯುವುದನ್ನು ಕಲಿಸಲಿಲ್ಲ. ಕಂಡದ್ದನ್ನು ಬರೆಯುತ್ತೇನೆ.

ಮೇಡಂ ಈ ಆಸ್ಪತ್ರೆಗೆ ಬಂದಾಗ ನಮ್ಮ ದಾಖಲೆ ತಂತ್ರಾಂಶಕ್ಕೆ ಆಗಲೇ ಮುದಿತನ ಬಂದಿತ್ತು. ಅದನ್ನು ಮಾರಿದ ಕಂಪನಿ ಬಾಗಿಲು ಹಾಕಿಕೊಂಡು ಹೋಗಿತ್ತು. ಎರಡು ವರ್ಷ ದಾಟಿದ ಎಕ್ಸ್‌ರೇ, ರಕ್ತಪರೀಕ್ಷೆ, ಇಸಿಜಿ ಎಲ್ಲವನ್ನೂ ಟೇಪಿಗೆ ಬರೆಯುವುದು, ಯಂತ್ರ ‘ಬರೆದಾಯಿತು’ ಎಂದ ಮೇಲೆ ಡಿಸ್ಕಿನಿಂದ ಅಳಿಸಿ ಜಾಗ ಮಾಡಿಕೊಳ್ಳುವುದು, ಇಷ್ಟೇ ಅದರ ಕೆಲಸ. ಟೇಪಿಗಲ್ಲದೆ ಬೇರೆ ಯಾವುದಕ್ಕೂ ಬರೆಯುವುದಿಲ್ಲ ಎಂಬ ಹಟ ಬೇರೆ. ಟೇಪು ಯಂತ್ರವೋ ಬೀರುವಿನಷ್ಟು ದೊಡ್ಡದು. ಒಳಗೆ ನಲವತ್ತು ಗೂಡುಗಳು, ಗೂಡಿನಿಂದ ಟೇಪು ಎತ್ತಿ ಓದು-ಬರಹದ ಬಾಯಿಗೆ ಇಡುವ ಒಂದು ಕಬ್ಬಿಣದ ಕೈ. ತುಂಬಿದ ಟೇಪುಗಳನ್ನು ತೆಗೆದು, ಹೆಸರು ಬರೆದ ಚೀಟಿ ನೋಡಿ ಕಪಾಟಿನಲ್ಲಿ ಜೋಡಿಸಿ, ಪುಸ್ತಕದಲ್ಲಿ ಸಹಿ ಹಾಕುವುದು ನನ್ನ ಉದ್ಯೋಗ. ಒಂಬತ್ತು ವರ್ಷ ಆ ಯಂತ್ರದ ಸೇವೆ ಮಾಡಿದ್ದೆ. ನನ್ನ ಹೆಂಡತಿ, “ಮನೇಲಿ ಅತ್ತೆಗೆ ಒಂದು ಲೋಟ ನೀರು ಕೊಡದವರು ಅದನ್ನ ದಿನಾ ಒರೆಸಿ ಬರ್ತೀರಲ್ಲ” ಎಂದು ಹಂಗಿಸುತ್ತಿದ್ದಳು.

ಮೇಡಂ ಬಂದ ಆರನೇ ತಿಂಗಳಿಗೆ ಆ ಕೈ ಮುರಿದು ಬಿತ್ತು. ಬಿಡಿ ಭಾಗ ಎಲ್ಲಿಯೂ ಇಲ್ಲ. ಹೊಸ ತಂತ್ರಾಂಶ ತರೋಣವೆಂದರೆ ಹಳೆಯ ಟೇಪುಗಳನ್ನು ಓದಲು ಅದಕ್ಕೆ ಬರುವುದಿಲ್ಲ. ಆಗ ಮೇಡಂ ಮಾಡಿದ ಕೆಲಸವೇ ಇವತ್ತು ಎಲ್ಲರೂ ಕೊಂಡಾಡುವ ಕೆಲಸ.

ಅವರು ನನಗೆ ಅದನ್ನು ಹೇಳಿಕೊಟ್ಟ ರೀತಿಯಲ್ಲೇ ಹೇಳುತ್ತೇನೆ. ತಂತ್ರಾಂಶಕ್ಕೆ ಕಣ್ಣಿಲ್ಲ. ಯಂತ್ರ ಎದುರಿಗಿದೆಯೋ ಇಲ್ಲವೋ ಅದು ನೋಡುವುದಿಲ್ಲ. ತಂತಿಯಲ್ಲಿ ಪ್ರಶ್ನೆ ಕೇಳುತ್ತದೆ. ‘ನೀನು ಯಾರು?’ ‘ನಿನ್ನಲ್ಲಿ ಎಷ್ಟು ಗೂಡುಗಳಿವೆ?’ ‘ಐದನೆಯದನ್ನು ಬಾಯಿಗಿಡು.’ ‘ಇಟ್ಟೆಯಾ?’ ‘ಇದನ್ನು ಬರೆದುಕೋ.’ ಈ ಪ್ರಶ್ನೆಗಳಿಗೆ ತಪ್ಪಿಲ್ಲದ ಉತ್ತರ ಕೊಡುವುದು ಯಾವುದೇ ಇರಲಿ, ತಂತ್ರಾಂಶದ ಪಾಲಿಗೆ ಅದೇ ಯಂತ್ರ. ಮೇಡಂ ಒಂದು ಸಾಧಾರಣ ಕಂಪ್ಯೂಟರಿಗೆ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಹಾಕಿ, ಅದರೊಳಗೆ ಕೂತು ಆ ಪ್ರಶ್ನೆಗಳಿಗೆಲ್ಲ ಉತ್ತರಿಸುವ ಒಂದು ತಂತ್ರಾಂಶ ಬರೆದರು. ‘ನೀನು ಯಾರು?’ ಎಂದರೆ ಅದು ಹಳೆಯ ಯಂತ್ರದ ಹೆಸರನ್ನೇ ಹೇಳುತ್ತಿತ್ತು. ಒಂದೊಂದು ಟೇಪಿನ ಬದಲು ಡಿಸ್ಕಿನಲ್ಲಿ ಒಂದೊಂದು ಕಡತ. ಕೈಯೂ ಇಲ್ಲ, ಗೂಡೂ ಇಲ್ಲ. ಕೈ ಆಡಿಸಿದೆ ಎಂಬ ಉತ್ತರ ಮಾತ್ರ. ಮುದಿ ತಂತ್ರಾಂಶ ಒಂದಿಷ್ಟೂ ಅನುಮಾನಪಡದೆ ನಂಬಿತು.

ನಾನು ನಂಬಲಿಲ್ಲ. ಇಲ್ಲದ್ದನ್ನು ಇದೆ ಎಂದು ಹೇಳುವ ಹೆಂಗಸನ್ನು ಯಾಕೆ ನಂಬಬೇಕು? ಅಂದು ಸಹಿ ಹಾಕದೆ ಮನೆಗೆ ಹೋದೆ. ಮಾರನೆಯ ದಿನ ಬೆಳಗ್ಗೆ ನನ್ನ ಮೇಜಿನ ಮೇಲೆ ಹೊಸ ಪುಸ್ತಕವಿತ್ತು. ‘ಟೇಪು ಸಂಖ್ಯೆ’ ಎಂಬ ಕಲಮು ಇರಲಿಲ್ಲ. ಅದರ ಜಾಗದಲ್ಲಿ ‘ಓದಿ ನೋಡಿದ್ದು’ ಎಂದಿತ್ತು. “ಬರೆದದ್ದಕ್ಕೆ ಸಹಿ ಬೇಡ. ವಾಪಸ್ ಓದಿ ನೋಡಿದ್ದಕ್ಕೆ ಹಾಕಿ. ಓದದೆ ಇದ್ರೆ ಹಾಕಲೇಬೇಡಿ” ಎಂದರು. ನನ್ನ ಕೋಪ ಇಳಿಸಲು ಮಾಡಿದ ಉಪಾಯವೆಂದುಕೊಂಡೆ.

ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ವಿಚಿತ್ರ. “ಹಳೇ ಯಂತ್ರದ ಕೆಟ್ಟ ಬುದ್ಧಿ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಒಂದೊಂದಾಗಿ ಹೇಳಿ.”

“ಸತ್ತಿರೋದರ ಚಾಡಿ ಯಾಕೆ ಮೇಡಂ?”

“ಇದಕ್ಕೂ ಆ ಬುದ್ಧಿ ಕಲಿಸ್ತೀನಿ. ಸರಿಯಾಗಿ ಕೆಲಸ ಮಾಡೋದನ್ನ ನೋಡಿ ಏನು ಪ್ರಯೋಜನ? ಕೆಟ್ಟಾಗ ತಂತ್ರಾಂಶ ಏನು ಮಾಡುತ್ತೆ ಅಂತ ನೋಡಬೇಕು.”

ಹೇಳಿದೆ. ಅರ್ಧ ಬರೆದು ನಿಂತುಬಿಡುವುದು. ಬಿಸಿಯಾದರೆ ಮಾತಾಡದಿರುವುದು. ಕೈ ಜಾರಿ ಟೇಪನ್ನು ಹಿಡಿಯದೆಯೇ ‘ಹಿಡಿದೆ’ ಎನ್ನುವುದು. ಅವರು ಮೂರು ವಾರ ಕೂತು ಹದಿನೇಳು ಬಗೆಯ ಕಳ್ಳಾಟಗಳನ್ನು ಆ ಇಲ್ಲದ ಯಂತ್ರಕ್ಕೆ ಕಲಿಸಿದರು. ಬೇಕೆಂದಾಗ ಬೇಕಾದ ಸುಳ್ಳು ಹೇಳುವ ಯಂತ್ರ. ಗಟ್ಟಿ ಕಬ್ಬಿಣದ ಯಂತ್ರದಲ್ಲಿ ಇದನ್ನು ಮಾಡಬೇಕೆಂದರೆ ಸುತ್ತಿಗೆಯಿಂದ ಹೊಡೆಯಬೇಕಾಗುತ್ತಿತ್ತು.

ಹನ್ನೆರಡನೆಯ ಸುಳ್ಳಿನಲ್ಲಿ ಸಿಕ್ಕಿಬಿದ್ದೆವು. ‘ಟೇಪು ಬದಲಿಸು’ ಎಂದಾಗ ಬದಲಿಸದೆಯೇ ‘ಬದಲಿಸಿದೆ’ ಎನ್ನುವಂತೆ ಮೇಡಂ ಏರ್ಪಡಿಸಿದ್ದರು. ತಂತ್ರಾಂಶ, ಬಾಯಲ್ಲಿ ಯಾವ ಟೇಪಿದೆ ಎಂದು ಕೇಳಲೇ ಇಲ್ಲ. ಹಳೆಯ ಟೇಪಿನ ಮೇಲೆಯೇ ಬರೆದು, ಮೊದಲಿದ್ದದ್ದನ್ನು ಅಳಿಸಿ, ಪರದೆಯ ಮೇಲೆ ‘ಯಶಸ್ವಿ’ ಎಂದು ಹಸಿರು ಬಣ್ಣದಲ್ಲಿ ತೋರಿಸಿತು. ಏಳು ಬಾರಿ ಬರೆಸಿದರು. ಏಳು ಬಾರಿಯೂ ಯಶಸ್ವಿ.

ಮೇಡಂ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದರು. “ನಿಮ್ಮ ಯಂತ್ರದ ಕೈ ಹೀಗೆ ಯಾವಾಗಲಾದ್ರೂ ಜಾರಿತ್ತಾ?”

ಜಾರಿತ್ತು. ಒಂದು ಸಲ ಇಪ್ಪತ್ತೆರಡನೆಯ ಗೂಡು ಖಾಲಿಯಿತ್ತು, ಟೇಪು ಬಾಯಲ್ಲೇ ಕೂತಿತ್ತು. ಕೈಯಿಂದ ಎಳೆದು ತೆಗೆದು, ಒರೆಸಿ, ಕಪಾಟಿನಲ್ಲಿಟ್ಟಿದ್ದೆ. ರಿಪೇರಿಯವನನ್ನು ಕರೆಸಿ ಕೈ ಬಿಗಿ ಮಾಡಿಸಿದ್ದೆ. ಅಷ್ಟಕ್ಕೇ ಬಿಟ್ಟಿದ್ದೆ.

ಬೇರೊಂದು ಕಡೆಯಿಂದ ಒಂಟಿ ಟೇಪು ಓದುವ ಯಂತ್ರವನ್ನು ಎರವಲು ತಂದು ಕಪಾಟಿನ ಟೇಪುಗಳನ್ನು ಒಂದೊಂದಾಗಿ ಹಾಕಿ, ಓದಿದ್ದನ್ನು ಇಲ್ಲದ ಯಂತ್ರದ ಕಡತಗಳಿಗೆ ಇಳಿಸಿಕೊಳ್ಳುತ್ತಾ ಹೋದೆವು. ಇಪ್ಪತ್ತೊಂದರವರೆಗೆ ಸರಿಯಿತ್ತು. ಇಪ್ಪತ್ತಮೂರರಿಂದ ಇಪ್ಪತ್ತೊಂಬತ್ತರವರೆಗೆ ಏಳು ಟೇಪುಗಳು ಖಾಲಿ. ಅವುಗಳಲ್ಲಿ ಇರಬೇಕಾದದ್ದೆಲ್ಲ ಇಪ್ಪತ್ತೆರಡರ ಮೇಲೆ ಒಂದರ ಮೇಲೊಂದು ಬರೆದು ಅಳಿಸಿಹೋಗಿತ್ತು. ಕೊನೆಯದೊಂದು ಮಾತ್ರ ಉಳಿದಿತ್ತು. ಹದಿನಾಲ್ಕು ತಿಂಗಳ ವರದಿಗಳು, ಮೂರು ಸಾವಿರದ ನಾನೂರ ಹನ್ನೆರಡು ರೋಗಿಗಳದ್ದು, ಇಲ್ಲ. ಖಾಲಿ ಟೇಪುಗಳ ಮೇಲೆ ನನ್ನ ಕೈಯಿಂದ ಬರೆದ ಚೀಟಿಗಳು ಮಾತ್ರ ಚೆಂದಾಗಿ ಅಂಟಿಕೊಂಡಿದ್ದವು.

ಆ ಕ್ಷಣ ನನಗೆ ಹೊಳೆದ ಮೊದಲ ಯೋಚನೆಯನ್ನು ಮುಚ್ಚಿಡುವುದಿಲ್ಲ: ಇವಳೇ ಅಳಿಸಿದ್ದಾಳೆ. ತನ್ನ ಯಂತ್ರವೇ ಮೇಲೆಂದು ತೋರಿಸಲು ನನ್ನ ಟೇಪುಗಳನ್ನು ಖಾಲಿ ಮಾಡಿದ್ದಾಳೆ. ಬಾಯಿಬಿಟ್ಟು ಹೇಳಿಯೂ ಹೇಳಿದೆ.

ಅವರು ಸಿಟ್ಟಾಗಲಿಲ್ಲ. “ಒಳ್ಳೇ ಅನುಮಾನ. ಟೇಪು ಕೋಣೆ ಬೀಗದ ಕೈ ಯಾರ ಹತ್ರ ಇತ್ತು?”

“ನನ್ನ ಹತ್ರ.”

“ಹಾಗಾದ್ರೆ ಮುಂದಿನ ಪ್ರಶ್ನೆ ನೀವೇ ಕೇಳ್ಕೊಳ್ಳಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಪಾಡು. ಯಾಕೆಂದರೆ ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು. ತಂತ್ರಾಂಶ ಟೇಪಿನ ಚೀಟಿಯನ್ನು ಯಾಕೆ ಓದುತ್ತಿರಲಿಲ್ಲ?

ಅದು ಮೊದಲು ಓದುತ್ತಿತ್ತು. ಕಂಪನಿಯವರು ಕೊಟ್ಟ ಬಾರ್‌ಕೋಡ್ ಚೀಟಿಗಳು ಮುಗಿದಿದ್ದವು. ಹೊಸದು ಬರುವವರೆಗೆ ನಾನು ದುಂಡಗೆ, ಅಚ್ಚಿನಂತೆ ಕೈಯಲ್ಲಿ ಬರೆದು ಅಂಟಿಸಿದೆ. ನನ್ನ ಅಕ್ಷರದ ಬಗ್ಗೆ ನನಗೆ ಹೆಮ್ಮೆ. ಆದರೆ ಯಂತ್ರದ ಕಣ್ಣಿಗೆ ಬಾರ್‌ಕೋಡ್ ಬಿಟ್ಟರೆ ಬೇರೇನೂ ಓದಲು ಬರುವುದಿಲ್ಲ. ಟೇಪು ಬದಲಿಸುವಾಗಲೆಲ್ಲ ಕೀಂಯ್ ಎಂದು ಕೂಗತೊಡಗಿತು. ರಿಪೇರಿಯವನು ಬಂದಾಗ ನಾನು, “ಅದರ ಬಾಯಿ ಮುಚ್ಚಿಸಪ್ಪಾ, ತಲೆ ಚಿಟ್ಟು ಹಿಡೀತು” ಎಂದೆ. ಅವನು ಚೀಟಿ ನೋಡುವುದನ್ನೇ ನಿಲ್ಲಿಸಿಬಿಟ್ಟ. ಅವನು ಬರೆದ ರಿಪೇರಿ ಚೀಟಿಯಲ್ಲಿ, ‘ಟೇಪು ಕೋಣೆಯವರು ಕೇಳಿದ್ದರಿಂದ ನಿಲ್ಲಿಸಲಾಗಿದೆ’ ಎಂದಿದೆ. ಕೆಳಗೆ ನನ್ನ ಸಹಿಯಿದೆ. ಇದನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ.

ವಿಚಾರಣೆಗೆ ಮೂವರ ಸಮಿತಿ ಕೂತಿತು. ನನ್ನ ಕೆಲಸ ಹೋಗುವುದು ಖಂಡಿತವೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಮೇಡಂ ತಮ್ಮ ಇಲ್ಲದ ಯಂತ್ರವನ್ನು ಸಮಿತಿಯೆದುರು ಗೋಡೆಯ ಪರದೆಯ ಮೇಲೆ ಓಡಿಸಿದರು. ಸುಳ್ಳು ಹೇಳಿಸಿದರು, ತಂತ್ರಾಂಶ ನಂಬುವುದನ್ನು ತೋರಿಸಿದರು. ಯಾವ ಮನುಷ್ಯನ ಕಣ್ಣಿಗೂ ಇದು ಕಾಣುವಂಥದ್ದಲ್ಲ, ಕಪಾಟಿನ ಮುಂದೆ ಯಾರೇ ನಿಂತಿದ್ದರೂ ಹೀಗೆಯೇ ಮೋಸಹೋಗುತ್ತಿದ್ದರು ಎಂದು ಅರ್ಧ ಗಂಟೆ ವಾದಿಸಿದರು. ನಾನು ಉಳಿದುಕೊಂಡೆ. ಆದರೆ ಸಮಿತಿ ತನ್ನ ವರದಿಯಲ್ಲಿ ಬರೆದದ್ದು ಹೀಗೆ: ‘ಯಂತ್ರದೋಷ. ದಾಖಲೆ ನಷ್ಟವಾಗಿಲ್ಲ, ಕೆಲವು ಟೇಪುಗಳು ಸದ್ಯಕ್ಕೆ ಓದಲು ಲಭ್ಯವಿಲ್ಲ.’ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮೇಡಂ ಅದನ್ನು ಒಪ್ಪಲಿಲ್ಲ. ಆ ರೋಗಿಗಳಿಗೆಲ್ಲ ಪತ್ರ ಬರೆದು, ನಿಮ್ಮ ಹಳೆಯ ವರದಿ ನಮ್ಮಲ್ಲಿ ಉಳಿದಿಲ್ಲ, ಮನೆಯಲ್ಲಿ ಪ್ರತಿಯಿದ್ದರೆ ತನ್ನಿ, ಇಲ್ಲದಿದ್ದರೆ ಮತ್ತೆ ಪರೀಕ್ಷೆ ಮಾಡಿಕೊಡುತ್ತೇವೆ ಎಂದು ತಿಳಿಸಬೇಕೆಂದು ಆಡಳಿತಾಧಿಕಾರಿಗಳಿಗೆ ಬರೆದರು. ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು. ಮುಂದಿನ ವರ್ಷ ಮತ್ತೆ ಬರೆದರು. ಒಟ್ಟು ಹತ್ತು ಪತ್ರಗಳು, ಹತ್ತು ‘ಪರಿಶೀಲಿಸಲಾಗುವುದು’. ಪತ್ರಗಳು ಹೋದರೆ ವಿಚಾರಣೆ ಮತ್ತೆ ತೆರೆಯುತ್ತದೆ, ತೆರೆದರೆ ಆ ರಿಪೇರಿ ಚೀಟಿ ಹೊರಬರುತ್ತದೆ, ಬಂದರೆ ನಾನು ಮನೆಗೆ. ಪ್ರತಿ ವರ್ಷ ಆ ಉತ್ತರ ಬಂದಾಗ ನನ್ನ ಎದೆ ಹಗುರಾಗುತ್ತಿತ್ತು. ಅಂಥ ಮನುಷ್ಯ ನಾನು.

ಮೇಡಂ ಆ ಚೀಟಿಯನ್ನು ನೋಡಿದ್ದಾರೆಂದು ನನಗೆ ಅನುಮಾನವಿತ್ತು. ನೋಡಿಯೂ ಸುಮ್ಮನಿದ್ದಾರೆಂದರೆ ಏನೋ ಲೆಕ್ಕವಿರಬೇಕು, ಸಮಯ ನೋಡಿ ಹೊರಗೆ ತೆಗೆಯುತ್ತಾರೆ ಎಂದುಕೊಂಡೆ. ನಾಲ್ಕು ವರ್ಷ ಅವರ ಒಂದೊಂದು ಒಳ್ಳೆಯ ಮಾತನ್ನೂ ಹೀಗೆ ತಿರುಗಿಸಿ ನೋಡಿದೆ. ನನ್ನ ತಾಯಿ ಇದೇ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಆರು ವರ್ಷದ ಹಿಂದಿನ ಇಸಿಜಿ ಬೇಕೆಂದು ವೈದ್ಯರು ಕೇಳಿದರು. ಮೇಡಂ ನಾಲ್ಕೇ ನಿಮಿಷದಲ್ಲಿ ಅದನ್ನು ಇಲ್ಲದ ಯಂತ್ರದಿಂದ ತೆಗೆದು, ತಾವೇ ಮೂರು ಮಹಡಿ ಹತ್ತಿ ತಂದುಕೊಟ್ಟರು. ನಾನು ಧನ್ಯವಾದ ಹೇಳುವ ಬದಲು ಮನೆಯಲ್ಲಿದ್ದ ಹಳೆಯ ಕಾಗದವನ್ನು ತರಿಸಿ, ಗೆರೆಗೆ ಗೆರೆ ಹೊಂದಿಸಿ ನೋಡುತ್ತಾ ಕೂತೆ.

“ಹಾಲಲ್ಲಿ ನೀರು ಹುಡುಕೋ ಹಾಗೆ ಹುಡುಕ್ತೀಯಲ್ಲೋ! ಆ ತಾಯಿ ಮೆಟ್ಲು ಹತ್ಕೊಂಡು ಬಂದಿದಾಳೆ, ಕೂತ್ಕೋ ಅನ್ನು” ಎಂದು ಅಮ್ಮ ಬೈದರು.

“ಬೈಬೇಡಿ ಅಮ್ಮಾ. ಇಡೀ ಆಸ್ಪತ್ರೇಲಿ ಸರಿಯಾಗಿ ಕೆಲಸ ಮಾಡೋನು ಇವನೊಬ್ಬನೇ” ಎಂದರು ಮೇಡಂ. ಅವರು ನನ್ನನ್ನು ‘ಇವನು’ ಎಂದದ್ದು ಅದೊಂದೇ ಸಲ.

ಆ ವಾರವೇ ತಡೆಯಲಾರದೆ ಅವರ ಕೋಣೆಗೆ ನುಗ್ಗಿ ಕೇಳಿಬಿಟ್ಟೆ. “ಆ ಚೀಟಿ ಎಲ್ಲಿ ಬಚ್ಚಿಟ್ಟಿದೀರಿ?”

“ಬಚ್ಚಿಟ್ಟಿಲ್ಲ. ಅದಿದ್ದ ಫೈಲಲ್ಲೇ ಇದೆ. ಸಮಿತಿಗೂ ಆ ಫೈಲು ಪೂರ್ತಿ ಕೊಟ್ಟಿದ್ದೆ. ಅವರು ತೆರೆದು ಓದಲಿಲ್ಲ.”

“ನೀವು ಹೇಳಬಹುದಿತ್ತಲ್ಲ.”

“ಯಂತ್ರದ ತಪ್ಪು ಹುಡುಕೋದು ನನ್ನ ಕೆಲಸ. ನಿಮ್ಮದನ್ನ ಹೇಳೋದು ನಿಮಗೆ ಬಿಟ್ಟಿದ್ದು.”

ಹೋಗಿ ನೋಡಿದೆ. ಫೈಲಿನಲ್ಲಿ ಅದೇ ಜಾಗದಲ್ಲಿ, ಅದೇ ದಾರಕ್ಕೆ ಪೋಣಿಸಿಕೊಂಡಿತ್ತು. ಆಗಲೂ ನಾನು ಹೇಳಲಿಲ್ಲ.

ಆಮೇಲಿನ ಅವರ ಸೇವೆಯೆಲ್ಲ ಆ ಮೂರು ಸಾವಿರದ ನಾನೂರ ಹನ್ನೆರಡರ ಬೆನ್ನಟ್ಟಿದ್ದೇ. ಪ್ರತಿ ಸೋಮವಾರ ಹೊರರೋಗಿಗಳ ಸಾಲಿನಲ್ಲಿ ನಿಂತ ಮೊದಲ ವ್ಯಕ್ತಿಯ ಹಳೆಯ ವರದಿಯನ್ನು ಇಲ್ಲದ ಯಂತ್ರದಿಂದ ಓದಿ, ಅವರ ಕೈಯಲ್ಲಿದ್ದ ಕಾಗದಕ್ಕೆ ಹೋಲಿಸುವ ಪದ್ಧತಿ ಹಾಕಿದರು, ಇಂದಿಗೂ ನಡೆಯುತ್ತಿದೆ. ವಾರ್ಡುಗಳ ಹಳೆಯ ಕಟ್ಟುಗಳನ್ನು ಬಿಚ್ಚಿ, ವೈದ್ಯರ ಮನೆಗಳಿಗೆ ಫೋನು ಮಾಡಿ, ಕಾಗದದ ಪ್ರತಿಗಳನ್ನು ಒಂದೊಂದಾಗಿ ಹುಡುಕಿ ಸೇರಿಸಿದರು. ಎರಡು ಸಾವಿರದ ಇನ್ನೂರ ತೊಂಬತ್ತು ಸಿಕ್ಕವು. ಶ್ವಾಸಕೋಶದ ಹಳೆಯ ಎಕ್ಸ್‌ರೇ ಕೇಳಿಕೊಂಡು ಬಂದು, ಮೂರು ಸಲ “ಹುಡುಕ್ತಿದೀವಿ, ನಾಳೆ ಬನ್ನಿ” ಎನ್ನಿಸಿಕೊಂಡು ಹೋಗಿದ್ದ ಒಬ್ಬ ದರ್ಜಿ ಹೆಂಗಸಿದ್ದರು. ಮೇಡಂ ಅವರ ಹೊಲಿಗೆ ಅಂಗಡಿಗೇ ಹೋದರು; ನನ್ನನ್ನೂ ಎಳೆದುಕೊಂಡು ಹೋದರು. ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, “ನಿಮ್ಮ ಎಕ್ಸ್‌ರೇ ಕಳೆದುಹೋಗಿದೆ. ಹುಡುಕ್ತಿದೀವಿ ಅಂತ ಹೇಳಿದ್ದು ಸುಳ್ಳು” ಎಂದರು.

ಆ ಹೆಂಗಸು ಹೊಲಿಯುವುದನ್ನು ನಿಲ್ಲಿಸಿ, “ಇಷ್ಟು ದಿನ ನಾನೇ ಏನೋ ತಪ್ಪು ಚೀಟಿ ತಂದಿದೀನಿ ಅಂದ್ಕೊಂಡಿದ್ದೆ ಕಣಮ್ಮಾ” ಎಂದರು.

ಉಳಿದವರು ಸಾವಿರದ ನೂರ ಇಪ್ಪತ್ತೆರಡು ಜನ. ಆ ದರ್ಜಿ ಹೆಂಗಸೊಬ್ಬರನ್ನು ಬಿಟ್ಟರೆ ಅವರಿಗೆ ಇನ್ನೂ ಯಾರೂ ಹೇಳಿಲ್ಲ.

ಮೇಡಂ, ಈ ಗ್ರಂಥದಲ್ಲಿ ನಿಮಗೆ ಹಾರೈಸದವರಿಲ್ಲ. ನಾನೂ ಹಾರೈಸುತ್ತೇನೆ. ನಿಮ್ಮ ಕಣ್ಣು ಮಂಜಾಗದಿರಲಿ, ಮಂಡಿನೋವು ನಿಮ್ಮ ಹತ್ತಿರ ಸುಳಿಯದಿರಲಿ, ನೂರು ತುಂಬುವವರೆಗೆ ಯಾವ ಯಂತ್ರ ಏನು ಹೇಳಿದರೂ ನೀವು ‘ಹೌದಾ?’ ಎಂದು ಕೇಳುತ್ತಲೇ ಇರಿ. ನಿಮ್ಮ ಇಲ್ಲದ ಯಂತ್ರಕ್ಕೆ ಇನ್ನೂ ನೂರು ಸುಳ್ಳು ಕಲಿಸಿ. ರಿಪೇರಿ ಚೀಟಿಯ ಪ್ರತಿಯನ್ನು ನಾನು ಈ ಲೇಖನದ ಜೊತೆಗೆ ಆಡಳಿತಾಧಿಕಾರಿಗಳಿಗೆ ಕೊಟ್ಟಿದ್ದೇನೆ. ಸಂಪಾದಕರು ಮುಂದಿನ ಕೆಲವು ಸಾಲುಗಳನ್ನು ತೆಗೆಯಬೇಕೆಂದರು. ತೆಗೆಯುವುದಾದರೆ ಲೇಖನವನ್ನೇ ತೆಗೆಯಿರಿ ಎಂದು ಹೇಳಿದ್ದೇನೆ.

ಮೇಡಂ ನಿವೃತ್ತರಾದಾಗ, ಬೀಳ್ಕೊಡುಗೆಯ ದಿನ ಮೇಲಿನ ಸಭಾಂಗಣ ತುಂಬಿತ್ತು. ಆಡಳಿತಾಧಿಕಾರಿಗಳು ಭಾಷಣ ಮಾಡುತ್ತಾ, “ಮೇಡಂ ಅವರ ಕಾಲದಲ್ಲಿ ಈ ಆಸ್ಪತ್ರೆಯ ಒಂದೇ ಒಂದು ದಾಖಲೆಯೂ ಕಳೆದುಹೋಗಿಲ್ಲ” ಎಂದರು. ಚಪ್ಪಾಳೆ ಬಿತ್ತು.

ಮೇಡಂ ಕೂತಲ್ಲಿಂದ ಎದ್ದರು. “ಕಳೆದಿದೆ.”

“ನಿಮ್ಮ ಮಾತು ಆಮೇಲಿದೆ ಮೇಡಂ, ಕೂತ್ಕೊಳ್ಳಿ.”

“ಸಾವಿರದ ನೂರ ಇಪ್ಪತ್ತೆರಡು ಜನರದ್ದು ಕಳೆದಿದೆ. ಅವರಿಗೆ ಪತ್ರ ಬರೀತೀವಿ ಅಂತ ಈಗ, ಇಷ್ಟು ಜನರ ಮುಂದೆ ಹೇಳಿ.”

ಆಡಳಿತಾಧಿಕಾರಿಗಳು ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ಕಳೆದಿದೆ ಅಂದ್ರೆ ಕಳೆದವರೊಬ್ಬರು ಇರಬೇಕಲ್ಲ? ಯಾರು ಅಂತ ಹೇಳಿಬಿಡಿ, ಕ್ರಮ ತಗೊಳ್ಳೋಣ.”

ಮೂರನೆಯ ಸಾಲಿನಲ್ಲಿ ನಾನು ಕೂತಿದ್ದೆ. ಮೇಡಂ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಎದ್ದು ನಿಲ್ಲುತ್ತಿದ್ದೆನೋ ಏನೋ, ಅದೂ ನನಗೆ ಅನುಮಾನವೇ.

“ವಿಭಾಗ ನನ್ನದು, ತಪ್ಪೂ ನನ್ನದೇ ಅಂತ ಬರ್ಕೊಳ್ಳಿ. ಪತ್ರ ಯಾವತ್ತು ಹೋಗುತ್ತೆ?”

“ಇವತ್ತು ಸಂತೋಷದ ದಿನ ಮೇಡಂ. ಪರಿಶೀಲಿಸೋಣ.”

ಮೇಡಂ ಕೈಚೀಲ ತೆಗೆದುಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಪಕ್ಕದ ಬಾಗಿಲಿನಿಂದ ಹೊರಗೆ ನಡೆದರು. “ನೀರು ಕುಡಿಯೋಕೆ ಹೋಗಿದಾರೆ, ಬರ್ತಾರೆ, ಕೂತಿರಿ” ಎಂದರು ಆಡಳಿತಾಧಿಕಾರಿಗಳು. ನಾವು ಮುಕ್ಕಾಲು ಗಂಟೆ ಕೂತಿದ್ದೆವು. ಅವರು ಬರಲಿಲ್ಲ.